ಯಾರ ಮನೆಗೆ ಯಾರು ಅತಿಥಿ

ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿಗೆ ಹೆಸರು ಕೊಟ್ಟ ಬೆಟ್ಟ ಇಸ್ರೇಲಿನ ಉತ್ತರದಲ್ಲಿ, ಮೆಡಿಟರೇನಿಯನ್ ಕಡಲಿಗೆ ಮೈಯೊಡ್ಡಿ ನಿಂತಿದೆ. ಅದರ ಬುಡದಿಂದ ನೆತ್ತಿಯವರೆಗೂ ಹೈಫಾ ನಗರ ಹಬ್ಬಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಈ ಬೆಟ್ಟದ ಏರು ಹತ್ತಿ ತುರ್ಕಿ ಸೈನ್ಯದ ಫಿರಂಗಿಗಳ ಮೇಲೆ ಬಿದ್ದರು. ಕೆಳಗಿನಿಂದ ಜೋಧಪುರದ ಸವಾರರು ಊರೊಳಕ್ಕೆ ನುಗ್ಗಿದರು. ದಿಲ್ಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ನಮ್ಮ ಮೈಸೂರಿನ ಸವಾರನದು. ಆ ಗೆಲುವಿನ ಹಿಂದೆಯೇ ಬ್ರಿಟಿಷರ ಆಡಳಿತ ಬಂತು. ಮೂವತ್ತು ವರ್ಷ ಆಳಿದ ಅವರು 1948ರಲ್ಲಿ ಹೊರಟುಹೋದಾಗ ಯಹೂದಿಗಳಿಗೆ ಒಂದು ದೇಶ ಸಿಕ್ಕಿತು, ಅದೇ ನೆಲದ ಅರಬರಲ್ಲಿ ಏಳು ಲಕ್ಷದಷ್ಟು ಮಂದಿ ಮನೆ ಕಳೆದುಕೊಂಡರು. ಹೈಫಾದ ಭಾರತೀಯ ಸೈನಿಕರ ಸಮಾಧಿಗಳ ಮುಂದೆ ನಿಂತಾಗ, ಈ ಕಥೆ ನಮಗೆ ತೀರಾ ಹೊರಗಿನದು ಎಂದು ನನಗೆ ಅನ್ನಿಸಲಿಲ್ಲ.

ಗಾಜಾ ಯುದ್ಧಕ್ಕೆ ಕೆಲವು ವರ್ಷ ಮುಂಚೆ ನಾನು ಅಲ್ಲಿಗೆ ಹೋದದ್ದು ಒಂದು ವಿಷಯವನ್ನು ಕಣ್ಣಾರೆ ನೋಡಲು. ಯಹೂದಿ ಕಲಾವಿದರೂ ಅರಬ್ ಕಲಾವಿದರೂ ಒಂದೇ ಸೂರಿನಡಿ ತಂಗಿ, ಕೆಲಸ ಮಾಡಿ, ಮಾತಾಡಿಕೊಳ್ಳಲಿ ಎಂಬ ಆಸೆಯಿಂದ ಅಲ್ಲಿ ಹಲವರು ಹಲವು ಕಾಲದಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ನಮ್ಮಲ್ಲಿ ಅಕಾಡೆಮಿಯವರು ಕಲಾಶಿಬಿರ ನಡೆಸಿದರೆ ಕಲಾವಿದರು ಬರುತ್ತಾರೆ, ಚಿತ್ರ ಬರೆಯುತ್ತಾರೆ, ಊಟ ಮಾಡಿ ಹರಟಿ ಹೋಗುತ್ತಾರೆ. ಆ ನೆಲದಲ್ಲಿ ಅದೇ ಶಿಬಿರಕ್ಕೆ ಬೇರೆ ಭಾರ ಇದೆ. ಶಿಬಿರ ನಡೆಯುವ ಕಟ್ಟಡ ಮೊದಲು ಯಾರದಾಗಿತ್ತು ಎಂಬ ಪ್ರಶ್ನೆ ಅಲ್ಲಿ ಚಿತ್ರಕ್ಕಿಂತ ಮುಂಚೆ ಬಂದು ಕೂರುತ್ತದೆ.

ಹೈಫಾದಲ್ಲೇ ಶುರುಮಾಡಿದೆ. ಅಲ್ಲಿನ ವಾದಿ ನಿಸ್ನಾಸ್ ಇಕ್ಕಟ್ಟಿನ ಅರಬ್ ಕೇರಿ. ಮೀನು, ತರಕಾರಿ, ಹುರಿದ ಕಾಫಿ ಬೀಜ, ಬಿಸಿ ಫಲಾಫೆಲ್ ಎಲ್ಲದರ ವಾಸನೆ ಒಂದೇ ಓಣಿಯಲ್ಲಿ. 1948ರ ಏಪ್ರಿಲ್‌ನಲ್ಲಿ ಹೈಫಾ ಯಹೂದಿ ಪಡೆಗಳ ಕೈಗೆ ಬಂದಾಗ ಊರಿನ ಅರುವತ್ತು ಸಾವಿರಕ್ಕೂ ಹೆಚ್ಚಿನ ಅರಬರಲ್ಲಿ ಉಳಿದವರು ಮೂರ್ನಾಲ್ಕು ಸಾವಿರ ಮಾತ್ರ. ಅವರಲ್ಲಿ ಬಹುಪಾಲು ಜನರನ್ನು ಈ ಕೇರಿಗೆ ತಂದು ಸೇರಿಸಲಾಯಿತು. ಕೇರಿಯ ಅಂಚಿನಲ್ಲಿ 1963ರಿಂದ ‘ಬೇತ್ ಹಗೆಫೆನ್’ ಎಂಬ ಅರಬ್–ಯಹೂದಿ ಸಾಂಸ್ಕೃತಿಕ ಕೇಂದ್ರ ನಡೆದುಬಂದಿದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ಸನ್ನೂ ಯಹೂದಿಗಳ ಹನುಕ್ಕಾವನ್ನೂ ಸೇರಿಸಿ ಇಲ್ಲಿ ‘ಹಬ್ಬಗಳ ಹಬ್ಬ’ ಮಾಡುತ್ತಾರೆ. ಆಗ ಎರಡೂ ಕಡೆಯ ಕಲಾವಿದರು ಓಣಿಯ ಗೋಡೆ, ಮೆಟ್ಟಿಲು, ಬಾಲ್ಕನಿಗಳ ಮೇಲೆ ಕೆಲಸ ಮಾಡಿ ಹೋಗುತ್ತಾರೆ. ಹಳೆಯ ವರ್ಷಗಳ ಕೆಲಸಗಳು ಅಲ್ಲಲ್ಲೇ ಉಳಿದಿವೆ. ನಾನು ಹೋದಾಗ ಹಬ್ಬದ ಕಾಲವಲ್ಲ. ಒಂದು ಗೋಡೆಚಿತ್ರದ ಮೇಲೆ ಅಡ್ಡಲಾಗಿ ಯಾರೋ ಬಟ್ಟೆ ಒಣಗಿಸಿದ್ದರು. ಅದನ್ನು ನೋಡಿ ನನಗೆ ಸಂತೋಷವಾಯಿತು, ಆ ಚಿತ್ರ ಕೇರಿಯವರದೇ ಆಗಿಬಿಟ್ಟಿತ್ತು.

ಈ ಕೇರಿಯನ್ನು ಹೀಬ್ರೂ ಓದುಗರಿಗೆ ಹತ್ತಿರ ಮಾಡಿದವರು ಸಾಮಿ ಮಿಖಾಯೆಲ್. ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ, ಮಾತೃಭಾಷೆ ಅರಬ್ಬಿ, ಬರೆದದ್ದು ಹೀಬ್ರೂವಿನಲ್ಲಿ. ವಾದಿ ನಿಸ್ನಾಸಿನ ಒಂದು ಕ್ರೈಸ್ತ ಅರಬ್ ಕುಟುಂಬ ಅವರ ಕಾದಂಬರಿಯೊಂದರ ಜೀವಾಳ. ಅದೇ ಊರಿನ ಎಮಿಲ್ ಹಬೀಬಿ ಅರಬ್ಬಿಯಲ್ಲಿ ಬರೆದರು. ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯ ಪ್ರಶಸ್ತಿಯನ್ನೂ ಇಸ್ರೇಲ್ ಸರಕಾರದ ಅತ್ಯುನ್ನತ ಪ್ರಶಸ್ತಿಯನ್ನೂ ಎರಡು ವರ್ಷದ ಅಂತರದಲ್ಲಿ ಪಡೆದರು, ಎರಡನೆಯದನ್ನು ಒಪ್ಪಿಕೊಂಡದ್ದಕ್ಕೆ ತಮ್ಮವರಿಂದಲೇ ಬೈಸಿಕೊಂಡರು. ಒಬ್ಬ ಲೇಖಕ ಒಂದು ಪ್ರಶಸ್ತಿ ಸ್ವೀಕರಿಸುವುದೂ ಅಲ್ಲಿ ಇಷ್ಟು ಕಷ್ಟ.

ಹೈಫಾದಿಂದ ದಕ್ಷಿಣಕ್ಕೆ, ಕಾರ್ಮೆಲ್ ಇಳಿಜಾರಿನಲ್ಲಿ ಐನ್ ಹೋದ್ ಇದೆ. ಇಸ್ರೇಲಿನ ಹೆಸರಾಂತ ಕಲಾವಿದರ ಹಳ್ಳಿ. ಜೇನುಬಣ್ಣದ ಕಲ್ಲಿನ ಮನೆಗಳು, ಕಮಾನಿನ ಬಾಗಿಲುಗಳು, ದಾಳಿಂಬೆ ಮತ್ತು ಆಲಿವ್ ಮರಗಳ ನಡುವೆ ಶಿಲ್ಪಗಳು, ಪ್ರತಿ ತಿರುವಿನಲ್ಲೂ ಒಂದು ಸ್ಟುಡಿಯೊ. ಮೇಲೆ ನಿಂತರೆ ಕೆಳಗೆ ಕಡಲು ಕಾಣುತ್ತದೆ. ಚಿತ್ರಕಾರರು, ಕುಂಬಾರಿಕೆ ಮಾಡುವವರು, ಸಂಗೀತಗಾರರು ಇಲ್ಲಿ ವಾಸವಾಗಿದ್ದಾರೆ, ಹೊರಗಿನ ಕಲಾವಿದರೂ ಬಂದು ತಂಗಿ ಕೆಲಸ ಮಾಡುತ್ತಾರೆ. ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತು.

ಹಳ್ಳಿಯನ್ನು 1953ರಲ್ಲಿ ಕಟ್ಟಿದವರು ಮಾರ್ಸೆಲ್ ಯಾಂಕೊ. 1895ರಲ್ಲಿ ಬುಕಾರೆಸ್ಟಿನಲ್ಲಿ ಹುಟ್ಟಿ, ಜೂರಿಕ್‌ನಲ್ಲಿ ವಾಸ್ತುಶಿಲ್ಪ ಓದುವಾಗ, 1916ರಲ್ಲಿ ಕ್ಯಾಬರೆ ವೋಲ್ಟೇರ್ ಎಂಬ ಪುಟ್ಟ ರಂಗಕೋಣೆಯಲ್ಲಿ ದಾದಾ ಪಂಥವನ್ನು ಹುಟ್ಟುಹಾಕಿದ ಗೆಳೆಯರಲ್ಲಿ ಒಬ್ಬರು. ಯುರೋಪ್ ತನ್ನ ಯುವಕರನ್ನು ಕಂದಕಗಳಲ್ಲಿ ಕೊಲ್ಲುತ್ತಿದ್ದಾಗ, ಈ ಗೆಳೆಯರು ಮುಖವಾಡ ಹಾಕಿಕೊಂಡು ಅರ್ಥವಿಲ್ಲದ ಪದಗಳನ್ನು ಕೂಗಿ ಆ ನಾಗರಿಕತೆಯನ್ನು ಧಿಕ್ಕರಿಸಿದರು. ಆ ಮುಖವಾಡಗಳನ್ನು ಮಾಡಿದ್ದು ಯಾಂಕೊ. 1941ರ ಜನವರಿಯಲ್ಲಿ ಬುಕಾರೆಸ್ಟಿನ ಫ್ಯಾಸಿಸ್ಟರು ನೂರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದುಹಾಕಿದ ಮೇಲೆ ಅವರು ಹೆಂಡತಿ ಮಕ್ಕಳೊಡನೆ ತಪ್ಪಿಸಿಕೊಂಡು ಪ್ಯಾಲೆಸ್ಟೈನಿಗೆ ಬಂದರು. ಹೊಸ ದೇಶದ ಯೋಜನಾ ಇಲಾಖೆಯಲ್ಲಿ ಕೆಲಸ ಮಾಡುತ್ತ ಕಾರ್ಮೆಲ್‌ನಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಜಾಗ ನೋಡುತ್ತಿದ್ದಾಗ ಜನರಿಲ್ಲದ ಈ ಹಳ್ಳಿ ಅವರ ಕಣ್ಣಿಗೆ ಬಿತ್ತು. ಅದನ್ನು ಕೆಡವಬಾರದು, ಕಲಾವಿದರಿಗೆ ಕೊಡಬೇಕು ಎಂದು ಹಟ ಹಿಡಿದು ಗೆದ್ದರು. ಕಲ್ಲಿನ ಮೇಲೆ ಅವರಿಗಿದ್ದ ಪ್ರೀತಿಯಿಂದಲೇ ಆ ಮನೆಗಳು ಇಂದಿಗೂ ನಿಂತಿವೆ.

ಆದರೆ ಹಳ್ಳಿ ಜನರಿಲ್ಲದೆ ಹೇಗೆ ಉಳಿಯಿತು? ಐನ್ ಹೋದ್ ಆಗುವುದಕ್ಕೆ ಮುಂಚೆ ಇದು ಐನ್ ಹೌದ್. 1945ರ ಬ್ರಿಟಿಷ್ ಲೆಕ್ಕದಲ್ಲಿ ಇಲ್ಲಿ ಸುಮಾರು 650 ಜನ ಮುಸ್ಲಿಮರು, ಬಹುತೇಕ ಎಲ್ಲರೂ ಅಬು ಅಲ್-ಹೈಜಾ ಎಂಬ ಒಂದೇ ಮನೆತನದವರು. ಸಲಾದೀನನ ದಂಡನಾಯಕನೊಬ್ಬನಿಂದ ತಮ್ಮ ವಂಶ ಹುಟ್ಟಿತೆಂದು ಅವರ ನಂಬಿಕೆ. 1948ರ ಜುಲೈಯಲ್ಲಿ ಇಸ್ರೇಲಿ ಸೈನ್ಯ ಬಂತು, ಹಳ್ಳಿ ಖಾಲಿಯಾಯಿತು. ಹೆಚ್ಚಿನವರು ಜೆನಿನ್‌ನ ನಿರಾಶ್ರಿತರ ಶಿಬಿರ ಸೇರಿದರು, ಇನ್ನು ಕೆಲವರು ಜೋರ್ಡನ್ ದಾಟಿದರು. ಹಳ್ಳಿಯ ಮಸೀದಿ ಮುಂದೆ ಕಲಾವಿದರ ಊಟದ ಮನೆಯಾಯಿತು. ಹಳ್ಳಿಯಲ್ಲೇ ಇರುವ ದಾದಾ ಮ್ಯೂಸಿಯಂನಲ್ಲಿ ಯಾಂಕೊ ಅವರ ಮುಖವಾಡಗಳ ಬಗ್ಗೆ ಓದಿ ಹೊರಬಂದು ಆ ಕಟ್ಟಡದ ಮುಂದೆ ನಿಂತೆ. ಕೊಲೆಗಡುಕರಿಂದ ತಪ್ಪಿಸಿಕೊಂಡು ಬಂದ ಒಬ್ಬ ದೊಡ್ಡ ಕಲಾವಿದ, ತನ್ನಂತೆಯೇ ಮನೆ ಬಿಟ್ಟು ಓಡಿದವರ ಹಳ್ಳಿಯಲ್ಲಿ ಕಲೆಯ ನೆಲೆ ಕಟ್ಟಿದ. ಅವನ ನೋವು ನಿಜ. ಅವನು ಕಲ್ಲನ್ನು ಉಳಿಸಿದ್ದೂ ನಿಜ. ಆ ಕಲ್ಲನ್ನು ಕಟ್ಟಿದವರು ಮರಳಿ ಬರಲಾಗಲಿಲ್ಲ ಎನ್ನುವುದು ಅಷ್ಟೇ ನಿಜ. ನೇಮಿಚಂದ್ರರ ‘ಯಾದ್ ವಶೇಮ್’ ಓದಿ ಯಹೂದಿಗಳ ಸಂಕಟಕ್ಕೆ ಕರಗಿದ ಕನ್ನಡಿಗರು ಈ ಹಳ್ಳಿಯಲ್ಲಿ ಒಂದು ಗಳಿಗೆ ನಿಂತರೆ ಎರಡು ಸಂಕಟಗಳೂ ಒಂದೇ ಅಂಗಳದಲ್ಲಿ ಎದುರಾಗುತ್ತವೆ.

ಹಳ್ಳಿಯ ಅಂಚಿನಲ್ಲಿ ಪಾಪಾಸುಕಳ್ಳಿಯ ದಟ್ಟ ಪೊದೆಗಳಿವೆ. ನಮ್ಮ ಬಯಲುಸೀಮೆಯಲ್ಲಿ ಹೊಲಕ್ಕೆ ಬೇಲಿಯಾಗಿ ಬೆಳೆಸುತ್ತಿದ್ದ ಅದೇ ಕಳ್ಳಿ. ಅರಬ್ ಹಳ್ಳಿಗರೂ ಅದನ್ನು ಬೇಲಿಯಾಗಿಯೇ ನೆಟ್ಟಿದ್ದರು. ಮನೆ ಕೆಡವಿ ನೆಲ ಸಮ ಮಾಡಿದ ಕಡೆಗಳಲ್ಲೂ ಕಳ್ಳಿ ಬೇರಿನಿಂದ ಮತ್ತೆ ಚಿಗುರಿತು. ಆ ದೇಶದ ಕಾಡುಮೇಡಿನಲ್ಲಿ ಕಳ್ಳಿಯ ಸಾಲು ಕಂಡರೆ ಅಲ್ಲೊಂದು ಹಳ್ಳಿ ಇತ್ತು ಎಂದು ತಿಳಿಯಬಹುದು.

ಓಡಿಹೋದವರಲ್ಲಿ ಒಂದು ಸಣ್ಣ ಗುಂಪು ದೂರ ಹೋಗಲೇ ಇಲ್ಲ. ಹಳ್ಳಿಯ ಮೇಲಿನ ಗುಡ್ಡದಲ್ಲಿ, ತಮ್ಮದೇ ಹೊಲದ ಪಕ್ಕದಲ್ಲಿ ಗುಡಿಸಲು ಹಾಕಿ ಕೂತರು. 1950ರ ಕಾನೂನಿನ ಪ್ರಕಾರ ಅವರು ದೇಶದಲ್ಲಿದ್ದೂ ‘ಗೈರುಹಾಜರು’, ಆದ್ದರಿಂದ ಅವರ ಆಸ್ತಿ ಸರಕಾರದ್ದು. ಗುಡ್ಡದ ಮೇಲಿನ ಹೊಸ ಐನ್ ಹೌದ್ ದಶಕಗಳ ಕಾಲ ನಕ್ಷೆಯಲ್ಲಿ ಇರಲಿಲ್ಲ. ರಸ್ತೆ ಇಲ್ಲ, ನಲ್ಲಿ ಇಲ್ಲ, ಕರೆಂಟು ಇಲ್ಲ, ಮನೆ ಕಟ್ಟಿದರೆ ಕೆಡವುವ ನೋಟಿಸು. ಕೆಳಗಿನ ಹಳ್ಳಿಯ ಮನೆಗಳನ್ನು ಕಲಾವಿದರಿಗಾಗಿ ದುರಸ್ತಿ ಮಾಡುವಾಗ ಕೂಲಿಗೆ ಇಳಿದುಬಂದವರಲ್ಲಿ ಇವರೂ ಇದ್ದರು. 1988ರಲ್ಲಿ ಈ ಹಳ್ಳಿಯ ಮುಹಮ್ಮದ್ ಅಬು ಅಲ್-ಹೈಜಾ ಎಂಬವರ ಮುಂದಾಳತ್ವದಲ್ಲಿ ಇಂಥ ಮಾನ್ಯತೆ ಇಲ್ಲದ ಹಳ್ಳಿಗಳ ಸಂಘ ಹುಟ್ಟಿತು. ಮಾನ್ಯತೆ 1990ರ ದಶಕದಲ್ಲಿ ಶುರುವಾಗಿ ಪೂರ್ತಿಯಾಗಲು ಇನ್ನೂ ಹತ್ತು ವರ್ಷ ಹಿಡಿಯಿತು. ಸರಕಾರಿ ಕರೆಂಟು ಬಂದದ್ದು ಅದಾದ ಮೇಲೆ.

ನಾನು ಕಾಡುದಾರಿಯಲ್ಲಿ ಮೇಲಕ್ಕೆ ಹೋದೆ. ಎರಡೂ ಹಳ್ಳಿಗಳ ನಡುವೆ ಕೆಲವೇ ಕಿಲೊಮೀಟರ್. ಅಲ್ಲಿ ಊಟ ಬಡಿಸಿದ ಹಿರಿಯರು ಬೇರೆ ಮಾತಾಡಲಿಲ್ಲ, ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, “ಅಗೋ, ನಮ್ಮಪ್ಪನ ಮನೆ,” ಎಂದು ಕೈ ತೋರಿಸಿದರು. ಈಗ ಅದರೊಳಗೆ ಇರುವವರು ಹೇಗೆ ಎಂದು ಕೇಳಿದೆ. “ಒಳ್ಳೆಯವರು,” ಎಂದರು. “ಅವರು ಇಲ್ಲಿಗೆ ಊಟಕ್ಕೆ ಬರುತ್ತಾರೆ. ನಾವು ಅಲ್ಲಿಗೆ ಹೋಗಬೇಕಾದರೆ ಅವರು ಕರೆಯಬೇಕು.” ಐನ್ ಹೋದ್‌ನ ಕಲಾವಿದರಲ್ಲಿ ಹಲವರು ಈ ನೆರೆಯವರ ಮಾನ್ಯತೆಗಾಗಿ ದನಿ ಎತ್ತಿದ್ದಾರೆ, ಜೊತೆಯಾಗಿ ಪ್ರದರ್ಶನ ಮಾಡಿದ್ದಾರೆ. ಅವರ ಪ್ರಾಮಾಣಿಕತೆಯಲ್ಲಿ ನನಗೆ ಸಂಶಯವಿಲ್ಲ. ಆದರೂ ಆ ಹಿರಿಯರ ಮಾತು ಕೇಳಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು: ಒಬ್ಬ ಯಾವಾಗಲೂ ಮನೆಯವನು, ಇನ್ನೊಬ್ಬ ಯಾವಾಗಲೂ ಕರೆಸಿಕೊಂಡವನು ಆಗಿರುವ ಕಡೆ ಎಷ್ಟು ಒಳ್ಳೆಯ ಮಾತಾದರೂ ಅದು ಸಂವಾದವಾಗುವುದಿಲ್ಲ.

ಈ ಯೋಚನೆ ಹೊತ್ತುಕೊಂಡೇ ವಾದಿ ಆರಾ ಕಣಿವೆಯ ಬಸ್ಸು ಹತ್ತಿದೆ. ಕಣಿವೆಯ ಒಂದು ಪಕ್ಕದ ಗುಡ್ಡದ ಮೇಲೆ ಉಮ್ಮುಲ್ ಫಹಮ್ ಪಟ್ಟಣ. ಹಿಂದೆ ಸುತ್ತಲಿನ ಕಾಡಿನಿಂದ ಇದ್ದಿಲು ಸುಟ್ಟು ಮಾರುತ್ತಿದ್ದ ಹಳ್ಳಿ, ಈಗ ಐವತ್ತು ಸಾವಿರಕ್ಕೂ ಹೆಚ್ಚು ಜನರ ಪೇಟೆ. 1949ರ ಕದನವಿರಾಮ ಒಪ್ಪಂದದಲ್ಲಿ ಜೋರ್ಡನ್ ಈ ಕಣಿವೆಯನ್ನು ಇಸ್ರೇಲಿಗೆ ಬಿಟ್ಟುಕೊಟ್ಟಿತು. ಜನ ತಮ್ಮ ಮನೆಗಳಲ್ಲೇ ಉಳಿದರು, ಸುತ್ತಲಿನ ಜಮೀನಿನ ಬಹುಭಾಗ ಹೋಯಿತು. ಇಸ್ರೇಲಿನ ಅರಬ್ ನಾಗರಿಕರು 1966ರವರೆಗೂ ಮಿಲಿಟರಿ ಆಡಳಿತದಡಿ ಇದ್ದರು, ಪಕ್ಕದ ಊರಿಗೆ ಹೋಗಲೂ ಪರವಾನಗಿ ಬೇಕಿತ್ತು. ಯಹೂದಿ ಪತ್ರಿಕೆಗಳಲ್ಲಿ ಈ ಪಟ್ಟಣದ ಹೆಸರು ಬರುವುದು ಹೆಚ್ಚಾಗಿ ಗಲಭೆ, ಗುಂಡೇಟುಗಳ ಸುದ್ದಿಯಲ್ಲೇ.

ಇಂಥ ಊರಿನಲ್ಲಿ 1996ರಲ್ಲಿ ಸಯೀದ್ ಅಬು ಶಕ್ರಾ ಒಂದು ಕಲಾ ಗ್ಯಾಲರಿ ತೆರೆದರು. ಸಯೀದ್ ಸ್ವತಃ ಚಿತ್ರಕಾರರು, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ್ದವರು. ಮನೆತನದ ತುಂಬ ಕಲಾವಿದರು. ಅಣ್ಣ ವಲೀದ್ ಲಂಡನ್ನಿನಲ್ಲಿ ನೆಲೆಸಿ, ಹುಟ್ಟೂರಿನ ಗುಡ್ಡ ಮತ್ತು ಮರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ತೆಗೆಯುತ್ತಿದ್ದರು. ದೊಡ್ಡಪ್ಪ–ಚಿಕ್ಕಪ್ಪಂದಿರ ಮಕ್ಕಳಲ್ಲಿ ಒಬ್ಬನಾದ ಆಸಿಮ್ ಟೆಲ್ ಅವೀವಿಗೆ ಹೋಗಿ ಯಹೂದಿ ಗುರುಗಳ ಬಳಿ ಕಲಿತು, ಯಹೂದಿ ವಿದ್ಯಾರ್ಥಿಗಳಿಗೆ ಕಲಿಸಿ, 1990ರಲ್ಲಿ ಮೂವತ್ತು ತುಂಬುವ ಮೊದಲೇ ಕ್ಯಾನ್ಸರಿನಿಂದ ತೀರಿಕೊಂಡ. ಅವನು ಕೊನೆಯ ವರ್ಷಗಳಲ್ಲಿ ಮತ್ತೆ ಮತ್ತೆ ಬರೆದದ್ದು ಒಂದೇ ವಸ್ತು, ಪಾಪಾಸುಕಳ್ಳಿ. ಬೇಲಿಯ ಕಳ್ಳಿಯಲ್ಲ, ಹೂಕುಂಡದೊಳಗೆ ನೆಟ್ಟ ಕಳ್ಳಿ. ದಪ್ಪ ಕಪ್ಪು ಗೆರೆ, ಕೊಳೆಯಾದ ಹಸಿರು, ನಗರದ ಕಿಟಕಿಯ ಅಂಚು. ಇಸ್ರೇಲಿನಲ್ಲಿ ಹುಟ್ಟಿದ ಯಹೂದಿಯೂ ತನ್ನನ್ನು ಆ ಗಿಡದ ಹೆಸರಿನಿಂದ ಕರೆದುಕೊಳ್ಳುತ್ತಾನೆ, ಹಳ್ಳಿ ಕಳೆದುಕೊಂಡ ಅರಬನಿಗೂ ಅದೇ ಗಿಡ ಗುರುತು. ನೆಲದಿಂದ ಕಿತ್ತು ಕುಂಡಕ್ಕೆ ಹಾಕಿದರೂ ಸಾಯದ ಗಿಡವನ್ನು ಆಸಿಮ್ ಇಬ್ಬರ ಮುಂದೆಯೂ ಇಟ್ಟುಹೋದ. ಸಂವಾದದ ಬಗ್ಗೆ ನಾನು ಓದಿದ ಎಷ್ಟೋ ಭಾಷಣಗಳಿಗಿಂತ ಆ ಕುಂಡ ಹೆಚ್ಚು ಹೇಳುತ್ತದೆ.

ಉಮ್ಮುಲ್ ಫಹಮಿನ ಗ್ಯಾಲರಿ ಮೊದಲಿನಿಂದಲೂ ಅರಬ್ ಮತ್ತು ಯಹೂದಿ ಕಲಾವಿದರ ಕೆಲಸವನ್ನು ಒಟ್ಟಿಗೆ ತೋರಿಸಿದೆ. ಯೋಕೋ ಓನೋ ಅವರ ಪ್ರದರ್ಶನವೂ ಇಲ್ಲಿ ನಡೆದಿತ್ತು. ಮಕ್ಕಳಿಗೆ ಚಿತ್ರಕಲೆಯ ತರಗತಿಗಳಿವೆ, ಮಣ್ಣಿನ ಕೆಲಸದ ಕಾರ್ಯಾಗಾರ ಇದೆ. ಇತ್ತೀಚೆಗೆ ಮ್ಯೂಸಿಯಂ ಎಂಬ ಅಧಿಕೃತ ಮಾನ್ಯತೆಯೂ ಸಿಕ್ಕಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅಲ್ಲಿನ ಸಂಗ್ರಹಾಗಾರ. ಕಣಿವೆಯ ಮನೆಮನೆಗಳಿಂದ ಹಳೆಯ ಫೋಟೋಗಳನ್ನು ಕೂಡಿಸಿದ್ದಾರೆ, ಮುದುಕ ಮುದುಕಿಯರ ನೆನಪುಗಳನ್ನು ದಾಖಲು ಮಾಡಿದ್ದಾರೆ. 2008ರಲ್ಲಿ ವಾದಿ ಆರಾದ ಒಂದು ಶತಮಾನದ ಫೋಟೋಗಳ ಪ್ರದರ್ಶನ ನಡೆದಾಗ ಯಹೂದಿ ಸಂಶೋಧಕರೂ ಕೈಜೋಡಿಸಿದರು. ಗೋಡೆಯ ಮೇಲೆ ಹೊಸ ಕಲೆ, ಒಳಗೆ ಅಜ್ಜಿಯರ ದನಿ. ಇಲ್ಲಿ ಬರುವ ಯಹೂದಿ ಕಲಾವಿದ ಬಣ್ಣ ಕಲಸುವ ಮುಂಚೆ ತಾನು ಯಾರ ಊರಿಗೆ ಬಂದಿದ್ದೇನೆ ಎಂದು ತಿಳಿದುಕೊಳ್ಳುತ್ತಾನೆ.

ಮಣ್ಣಿನ ಕೆಲಸ ಮಾಡುವ ಒಬ್ಬ ಅರಬ್ ಹೆಣ್ಣುಮಗಳು ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಕೈಯಲ್ಲಿ ಇನ್ನೂ ಒಣಗಿದ ಜೇಡಿ ಇತ್ತು. “ಶಾಂತಿ ಶಿಬಿರ ಅಂತ ಟೆಲ್ ಅವೀವಿಗೆ ಕರೆಯುತ್ತಾರೆ, ನಾನು ಹೋಗುವುದಿಲ್ಲ,” ಎಂದರು. “ಅಲ್ಲಿ ನಾನು ಕಲಾವಿದೆ ಅಲ್ಲ, ‘ಅರಬ್ ಕಲಾವಿದೆ’. ಫೋಟೋ ತೆಗೆದು ಮುಗಿದ ಮೇಲೆ ನನ್ನ ಕೆಲಸ ಯಾರಿಗೂ ಬೇಡ. ಇಲ್ಲಿ ಹಾಗಲ್ಲ. ಇಲ್ಲಿ ಅವರು ಬಂದರೆ ಚಹಾ ಕೊಡುವವಳು ನಾನು, ಆವಿಗೆ ಯಾವಾಗ ತೆರೆಯಬೇಕು ಅಂತ ಹೇಳುವವಳೂ ನಾನೇ.” ಪಕ್ಕದಲ್ಲಿ ವಯಸ್ಸಾದ ಯಹೂದಿ ಚಿತ್ರಕಾರ್ತಿಯೊಬ್ಬರು ಕೂತಿದ್ದರು. ಹುಟ್ಟಿನಿಂದ ಇದೇ ದೇಶದಲ್ಲಿದ್ದರೂ ಅರುವತ್ತು ದಾಟುವವರೆಗೆ ಒಂದು ಅರಬ್ ಪಟ್ಟಣದೊಳಗೆ ಕಾಲಿಟ್ಟಿರಲಿಲ್ಲವಂತೆ. “ಮೊದಲ ಸಲ ಬಸ್ ಇಳಿದಾಗ ಹೆದರಿಕೆಯಾಗಿತ್ತು,” ಎಂದು ಅವರೇ ಹೇಳಿದರು, “ಈಗ ಇವರ ಸೊಸೆಯ ಬಾಣಂತನದ ಸುದ್ದಿಯೆಲ್ಲ ನನಗೆ ಗೊತ್ತು.” ಇಬ್ಬರೂ ರಾಜಕೀಯದಲ್ಲಿ ಒಪ್ಪುವುದಿಲ್ಲ. 1948 ಎಂದರೆ ಒಬ್ಬರಿಗೆ ಸ್ವಾತಂತ್ರ್ಯ, ಇನ್ನೊಬ್ಬರಿಗೆ ಮಹಾಕೇಡು. ಆ ಜಗಳವನ್ನು ಅವರು ನನ್ನೆದುರೇ ಆಡಿದರು, ಕಾಫಿ ಆರುವವರೆಗೂ ಆಡಿದರು. ಅದನ್ನು ಕೇಳಿಸಿಕೊಂಡ ಮೇಲೆ ಆ ಜಾಗದ ಮೇಲೆ ನನಗೆ ನಂಬಿಕೆ ಬಂತು.

ಕಣಿವೆಯ ಬಾಯಿಯ ಹತ್ತಿರ ಗಿವತ್ ಹವೀವಾ ಇದೆ. 1949ರಲ್ಲಿ ಕಿಬ್ಬುತ್ಸ್ ಎಂಬ ಸಾಮೂಹಿಕ ಒಡೆತನದ ಹಳ್ಳಿಗಳ ಚಳವಳಿಯವರು ಕಟ್ಟಿದ ಶಿಕ್ಷಣ ಕೇಂದ್ರ. ನಾಜಿಗಳ ಕೈಯಲ್ಲಿ ಸಿಕ್ಕಿ 1944ರಲ್ಲಿ ಸತ್ತ ಹವೀವಾ ರೈಕ್ ಎಂಬ ಯುವತಿಯ ಹೆಸರು ಅದಕ್ಕೆ. ಇಲ್ಲಿ 1963ರಿಂದ ಯಹೂದಿ–ಅರಬ್ ಶಾಂತಿ ಕೇಂದ್ರ ಕೆಲಸ ಮಾಡುತ್ತಿದೆ, 2001ರಲ್ಲಿ ಯುನೆಸ್ಕೊ ಶಾಂತಿ ಶಿಕ್ಷಣ ಪ್ರಶಸ್ತಿ ಬಂತು. ಕಲಾ ಕೇಂದ್ರ, ಗ್ಯಾಲರಿ ಎಲ್ಲ ಇವೆ. ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹರೆಯದ ಮಕ್ಕಳ ಫೋಟೋ ಯೋಜನೆ. ಯಹೂದಿ ಹುಡುಗಿ ಅರಬ್ ಹುಡುಗಿಯ ಮನೆಗೆ ಹೋಗಿ ಅಲ್ಲಿನ ಅಡುಗೆಮನೆ, ಅಜ್ಜ, ತಮ್ಮ ಎಲ್ಲರ ಫೋಟೋ ತೆಗೆಯುತ್ತಾಳೆ. ಮುಂದಿನ ಸಲ ಇವಳು ಅವಳ ಮನೆಗೆ ಹೋಗುತ್ತಾಳೆ. ಸರದಿ ತಪ್ಪುವುದಿಲ್ಲ. ದೊಡ್ಡವರ ಶಿಬಿರಗಳಲ್ಲಿ ಕಾಣದ ನ್ಯಾಯ ಅದರಲ್ಲಿದೆ.

ಇಂಥ ಪ್ರಯತ್ನಗಳನ್ನೆಲ್ಲ ಬೇಡವೆನ್ನುವವರ ವಾದವನ್ನೂ ನಾನು ಗೌರವದಿಂದ ಕೇಳಿದ್ದೇನೆ. 2004ರಲ್ಲಿ ಪ್ಯಾಲೆಸ್ಟೈನ್‌ನ ಬುದ್ಧಿಜೀವಿಗಳು ಇಸ್ರೇಲಿನ ಶೈಕ್ಷಣಿಕ–ಸಾಂಸ್ಕೃತಿಕ ಸಂಸ್ಥೆಗಳಿಗೆ ಬಹಿಷ್ಕಾರದ ಕರೆ ಕೊಟ್ಟರು. ಆಕ್ರಮಣ ನಡೆಯುತ್ತಲೇ ಇರುವಾಗ ಇಬ್ಬರೂ ಸಮಾನರೆಂಬಂತೆ ಪಕ್ಕಪಕ್ಕ ಕೂತು ಚಿತ್ರ ಬರೆದರೆ ಅನ್ಯಾಯ ಸಹಜವೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂಬುದು ಅವರ ಮಾತು. ಐನ್ ಹೋದ್ ನೋಡಿದವರು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಉಮ್ಮುಲ್ ಫಹಮಿನವರು ಅದೇ ದೇಶದ ಪ್ರಜೆಗಳು. ಅವರು ನೆರೆಯವನನ್ನು ಬಿಟ್ಟು ಎಲ್ಲಿಗೂ ಹೋಗಲಾರರು. 2000ದ ಅಕ್ಟೋಬರ್‌ನಲ್ಲಿ ಪ್ರತಿಭಟನೆಗಳ ಮೇಲೆ ಪೊಲೀಸರು ಗುಂಡು ಹಾರಿಸಿ 13 ಅರಬರು ಸತ್ತಾಗ ಈ ಕಣಿವೆಗೆ ಯಹೂದಿಗಳು ಬರುವುದೇ ಕಡಿಮೆಯಾಯಿತು. ಗ್ಯಾಲರಿ ಬಾಗಿಲು ಹಾಕಲಿಲ್ಲ.

ನಾನು ಬಂದಮೇಲೆ ಆದದ್ದು ಎಲ್ಲರಿಗೂ ಗೊತ್ತು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಕೊಲೆಯಾದರು, ಸುಮಾರು 250 ಜನ ಒತ್ತೆಯಾಳುಗಳಾದರು. ಸತ್ತವರಲ್ಲಿ ಶಾಂತಿಗಾಗಿ ಜೀವಮಾನ ದುಡಿದ ಯಹೂದಿಗಳೂ ಇದ್ದರು. ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಸಾವಿರ ಸಾವಿರ ಮಕ್ಕಳು. ಇಂಥ ಹೊತ್ತಿನಲ್ಲಿ ಕಲಾವಿದರ ಒಂದು ಗ್ಯಾಲರಿಯ ಬಗ್ಗೆ ಬರೆಯುವುದು ಸಣ್ಣ ಮಾತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಕೊಲೆ ನಿಂತ ಮೇಲೂ ಈ ಇಬ್ಬರೂ ಅದೇ ಗುಡ್ಡಗಳಲ್ಲಿ ಬದುಕಬೇಕು. ಆಗ ಅವರಿಗೆ ಬೇಕಾಗುವುದು ಉಮ್ಮುಲ್ ಫಹಮಿನಂಥ ಜಾಗ, ಐನ್ ಹೋದ್‌ನಂಥ ಜಾಗವಲ್ಲ. ಸಂವಾದಕ್ಕೆ ಹಣ ಕೊಡುವವರು, ಕಲಾವಿದರನ್ನು ಕರೆಸುವವರು ಇದನ್ನು ತಿಳಿದಿರಬೇಕು. ಕಳೆದುಕೊಂಡವನ ಕೈಗೆ ಮನೆಯ ಬೀಗದ ಕೈ ಕೊಡಿ, ಉಳಿದವರನ್ನು ಅವನು ಕರೆಯಲಿ.

ಮಂಗಳೂರು, ಬೆಂಗಳೂರು ಕಡೆಯಿಂದ ನಮ್ಮ ಕ್ರೈಸ್ತ ಬಂಧುಗಳು ಜೆರುಸಲೇಮ್, ಬೆತ್ಲೆಹೇಮ್, ನಜರೇತ್ ಯಾತ್ರೆಗೆ ಹೋಗುತ್ತಾರೆ. ದಾರಿ ಮತ್ತೆ ಸುಗಮವಾಗಿ ನೀವು ಹೊರಟಾಗ ಪ್ರವಾಸ ಏರ್ಪಾಟು ಮಾಡುವವರನ್ನು ಒಂದು ಅರ್ಧ ದಿನ ಹೆಚ್ಚಿಗೆ ಕೇಳಿ. ನಜರೇತಿನಿಂದ ಉಮ್ಮುಲ್ ಫಹಮಿಗೆ ಒಂದು ಗಂಟೆಯೊಳಗಿನ ದಾರಿ. ಚಿತ್ರಗಳನ್ನು ಆಮೇಲೆ ನೋಡಬಹುದು, ಮೊದಲು ಆ ಹಳೆಯ ಫೋಟೋಗಳನ್ನು ನೋಡಿ.